ಸೈಲೆನ್ಸರ್ ಬದಲಿಸಿದ ಮೇಲೆ ಪಿಕಪ್ ಒಳಗೆ ಕಾಡುವ ಮೊರೆತ: ಯಾಕೆ ಬರುತ್ತದೆ, ಹೇಗೆ ಇಳಿಸುವುದು

ಮಳೆಗಾಲ ಮುಗಿದು ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿದಾಗಲೇ ಗೊತ್ತಾಗುವುದು, ಸೈಲೆನ್ಸರ್ ತೂತಾಗಿದೆ ಅಂತ. ಕೊಡಗಿನಲ್ಲಿ ಪಿಕಪ್ಪೋ ಜೀಪೋ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಡಿಯಲ್ಲಿ ಕೆಸರು, ನೀರು. ಅದು ಸಾಲದು ಅಂತ ಒಳಗಿನಿಂದಲೂ ತುಕ್ಕು. ಒಂದು ಲೀಟರ್ ಡೀಸೆಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊಗೆಯ ಜೊತೆ ಬರುತ್ತದೆ. ತೋಟದಿಂದ ಅಂಗಡಿಗೆ, ಅಂಗಡಿಯಿಂದ ತೋಟಕ್ಕೆ ಅಂತ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಪೈಪು ಪೂರ್ತಿ ಬಿಸಿಯಾಗುವುದೇ ಇಲ್ಲ, ಆ ನೀರು ಸೈಲೆನ್ಸರಿನ ಹೊಟ್ಟೆಯಲ್ಲೇ ನಿಂತು ತಗಡನ್ನು ತಿನ್ನುತ್ತದೆ.

ಆಗ ಬಹಳ ಜನ ಕಂಪನಿ ಸೈಲೆನ್ಸರ್ ಬದಲು ಹೊರಗಿನದ್ದು ಹಾಕಿಸುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಇದೆ, ತುಕ್ಕು ಹಿಡಿಯಲ್ಲ ಅನ್ನುವುದು ಒಂದು ಕಾರಣ. ಸದ್ದು ಸ್ವಲ್ಪ ಗಟ್ಟಿಯಾಗಿ, ಚೆನ್ನಾಗಿ ಇರುತ್ತದೆ ಅನ್ನುವುದು ಇನ್ನೊಂದು. ನಾನೂ ನನ್ನ ಡಬಲ್ ಕ್ಯಾಬ್ ಡೀಸೆಲ್ ಪಿಕಪ್‌ಗೆ ಹಾಗೇ ಹಾಕಿಸಿದೆ. ಗ್ಯಾರೇಜಿನ ಅಂಗಳದಲ್ಲಿ ಸ್ಟಾರ್ಟ್ ಮಾಡಿದಾಗ ಸದ್ದು ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರು ದಾರಿಯಲ್ಲಿ ಮೈಸೂರಿಗೆ ಹೊರಟರೆ, ಬೈಲಕುಪ್ಪೆ ಕಳೆದು ರಸ್ತೆ ನೇರ ಆದ ಕೂಡಲೇ ಒಳಗೆಲ್ಲ ಒಂದೇ ಸಮನೆ ‘ಗುಂಯ್’ ಅಂತ ತುಂಬಿಕೊಂಡಿತು. ಮಾತು ಕೇಳಿಸಲ್ಲ ಅನ್ನುವಷ್ಟು ಜೋರೇನಲ್ಲ. ಆದರೆ ಮೈಸೂರು ತಲುಪುವಷ್ಟರಲ್ಲಿ ಎಲ್ಲರಿಗೂ ತಲೆ ಭಾರ, ಹಿಂದಿನ ಸೀಟಿನಲ್ಲಿ ಕೂತ ಮಗಳಿಗೆ ವಾಂತಿ ಬರುವ ಹಾಗೆ. ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ. ಓದಿದ್ದು, ಮೆಕ್ಯಾನಿಕ್ ಹತ್ತಿರ ಕೇಳಿದ್ದು, ಮಾಡಿ ನೋಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊರೆತ ಅಂದ್ರೆ ಜೋರು ಸದ್ದಲ್ಲ, ಒಂದೇ ಸ್ವರ

ಇಂಗ್ಲಿಷಿನಲ್ಲಿ ಇದಕ್ಕೆ ‘ಡ್ರೋನ್’ ಅನ್ನುತ್ತಾರೆ. ಹಾರುವ ಡ್ರೋನ್‌ಗೂ ಅದೇ ಹೆಸರು, ಆದರೆ ಇಲ್ಲಿ ಅರ್ಥ ಬೇರೆ. ಸಂಗೀತ ಕಛೇರಿಯಲ್ಲಿ ಹಿಂದೆ ಶ್ರುತಿ ಪೆಟ್ಟಿಗೆ ಬಿಡದೆ ಒಂದೇ ಸ್ವರ ಹಿಡಿದಿರುತ್ತದಲ್ವಾ, ಹಾಗೆ. ಹಾಡು ಬದಲಾದರೂ ಅದು ಬದಲಾಗಲ್ಲ. ಗಾಡಿಯ ಮೊರೆತವೂ ಹಾಗೇ ಒಂದು ತಗ್ಗಿನ ಸ್ವರ, ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಬಂದು ಕೂರುತ್ತದೆ. ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ.

ಘಾಟಿಯಲ್ಲಿ ಇದು ಅಷ್ಟು ಕಾಡಲ್ಲ. ಸಂಪಾಜೆ ಘಾಟಿ ಹತ್ತುವಾಗ ಗೇರ್ ಬದಲಿಸುತ್ತಲೇ ಇರುತ್ತೇವೆ, ಆರ್‌ಪಿಎಂ ಏರಿ ಇಳಿಯುತ್ತದೆ, ಮೊರೆತ ಬಂದು ಹೋಗುತ್ತದೆ. ನೇರ ರಸ್ತೆಯಲ್ಲಿ ಟಾಪ್ ಗೇರ್‌ಗೆ ಹಾಕಿ ಒಂದೇ ವೇಗದಲ್ಲಿ ಹೋದರೆ ಆರ್‌ಪಿಎಂ 2000ದ ಹತ್ತಿರ ನಿಂತುಬಿಡುತ್ತದೆ. ಸ್ವರವೂ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಗ್ಯಾರೇಜಿನ ಮುಂದೆ ರೇಸ್ ಮಾಡಿ ಕೇಳಿದರೆ ಏನೂ ತಿಳಿಯಲ್ಲ. ನ್ಯೂಟ್ರಲ್‌ನಲ್ಲಿ ಇಂಜಿನ್ ಮೇಲೆ ಭಾರವೂ ಇರಲ್ಲ, ಹೊಗೆಯ ಒತ್ತಡವೂ ಕಡಿಮೆ.

ಸ್ವರ ಹುಟ್ಟುವುದು ಎಲ್ಲಿ

ಇಂಜಿನ್ ಹೊಗೆ ಬಿಡುವುದು ಒಲೆಯ ಹೊಗೆ ಹೋದ ಹಾಗೆ ನಿರಂತರವಾಗಿ ಅಲ್ಲ. ಒಂದೊಂದು ಸಿಲಿಂಡರ್ ಉರಿದಾಗಲೂ ಒಂದೊಂದು ಹೊಡೆತ. ದುಡಿ ಬಾರಿಸಿದ ಹಾಗೆ ಡುಬ್ ಡುಬ್ ಡುಬ್ ಅಂತ ಬೇರೆ ಬೇರೆಯೇ. ಬಹಳ ಬೇಗ ಬೇಗ ಬಿದ್ದಾಗ ನಮ್ಮ ಕಿವಿ ಅದನ್ನು ಹೊಡೆತ ಅಂತ ಎಣಿಸದೆ ಒಂದು ಸ್ವರವಾಗಿ ಕೇಳಿಸಿಕೊಳ್ಳುತ್ತದೆ.

ನಮ್ಮ ಪಿಕಪ್‌ಗಳಲ್ಲಿ ಹೆಚ್ಚಿನವು ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್. ಇಂಥ ಇಂಜಿನ್ ಎರಡು ಸುತ್ತು ತಿರುಗಿದರೆ ನಾಲ್ಕೂ ಸಿಲಿಂಡರ್ ಒಂದೊಂದು ಸಲ ಉರಿದಿರುತ್ತವೆ. ಅಂದರೆ ಒಂದು ಸುತ್ತಿಗೆ ಎರಡು ಹೊಡೆತ. ಹಾಗಾಗಿ ಲೆಕ್ಕ ಬಹಳ ಸುಲಭ: ಆರ್‌ಪಿಎಂ ಅನ್ನು 30ರಿಂದ ಭಾಗಿಸಿ. 2000 ಆರ್‌ಪಿಎಂಗೆ ಸೆಕೆಂಡಿಗೆ ಸುಮಾರು 67 ಹೊಡೆತ. ಸೆಕೆಂಡಿಗೆ ಎಷ್ಟು ಸಲ ಅನ್ನುವುದನ್ನೇ ಹರ್ಟ್ಸ್ ಅನ್ನುವುದು. ಅಲ್ಲಿಗೆ 67 ಹರ್ಟ್ಸ್. 1800ಕ್ಕೆ 60, 2400ಕ್ಕೆ 80. ಮೂರು ಸಿಲಿಂಡರ್ ಗಾಡಿಯಾದರೆ 40ರಿಂದ ಭಾಗಿಸಬೇಕು, ಆರು ಸಿಲಿಂಡರ್ ಆದರೆ 20ರಿಂದ.

60ರಿಂದ 90 ಹರ್ಟ್ಸ್ ಅಂದರೆ ಬಹಳ ತಗ್ಗಿನ ಸ್ವರ. ತಗ್ಗಿನ ಸ್ವರವನ್ನು ಗೋಡೆ, ಗಿಡ, ಬಟ್ಟೆ ಯಾವುದೂ ಸುಲಭಕ್ಕೆ ನುಂಗಲ್ಲ. ನಮ್ಮ ಕಾಡಿನ ಆನೆಗಳು ದೂರದ ಆನೆಯನ್ನು ಕರೆಯುವುದು ಇನ್ನೂ ತಗ್ಗಿನ ಸ್ವರದಲ್ಲಿ, ನಮ್ಮ ಕಿವಿಗೆ ಕೇಳದಷ್ಟು ತಗ್ಗಿನಲ್ಲಿ. ಅಷ್ಟು ದೂರ ಅದು ಕಾಡನ್ನು ದಾಟಿ ಹೋಗುವುದು ಇದೇ ಗುಣದಿಂದ.

ಕ್ಯಾಬಿನ್ ಯಾಕೆ ಜೊತೆಗೆ ಕೂಗುತ್ತದೆ

ನಲ್ಲಿಯ ಕೆಳಗೆ ಕೊಡ ಇಟ್ಟು ನೀರು ತುಂಬುವಾಗ ಸದ್ದನ್ನು ಗಮನಿಸಿದ್ದೀರಾ? ಮೊದಲು ದಪ್ಪ ಸ್ವರ. ನೀರು ಏರುತ್ತಾ ಹೋದಂತೆ ಸ್ವರವೂ ಏರುತ್ತದೆ. ನೋಡದೇ ಹೇಳಬಹುದು, ಕೊಡ ತುಂಬುತ್ತಾ ಬಂತು ಅಂತ. ಕೊಡದ ಒಳಗೆ ಉಳಿದ ಗಾಳಿಗೆ ತನ್ನದೇ ಒಂದು ಸ್ವರ ಇರುತ್ತದೆ. ಜಾಗ ದೊಡ್ಡದಿದ್ದರೆ ಸ್ವರ ತಗ್ಗು, ಚಿಕ್ಕದಾದರೆ ಎತ್ತರ.

ಪಿಕಪ್ ಕ್ಯಾಬಿನ್ ಕೂಡ ಮುಚ್ಚಿದ ದೊಡ್ಡ ಕೊಡವೇ. ಒಳಗಿನ ಉದ್ದ ಸುಮಾರು 2 ಮೀಟರ್ ಅಂತಿಟ್ಟುಕೊಂಡರೆ, ಅದರ ಗಾಳಿಯ ಸ್ವಂತ ಸ್ವರ 86 ಹರ್ಟ್ಸ್ ಹತ್ತಿರ ಬರುತ್ತದೆ. ಅದಕ್ಕೆ ಸರಿಹೊಂದುವ ಇಂಜಿನ್ ವೇಗ 2600 ಆರ್‌ಪಿಎಂ ಹತ್ತಿರ. ಇದರ ಜೊತೆ ರೂಫಿನ ತಗಡು, ಹಿಂದಿನ ಗಾಜು, ನೆಲದ ತಗಡು, ಪ್ರತಿಯೊಂದಕ್ಕೂ ತನ್ನ ತನ್ನ ಸ್ವರ. ಅಂದರೆ ನಾವು ದಿನಾ ಓಡಿಸುವ ಆರ್‌ಪಿಎಂ ಮತ್ತು ಕ್ಯಾಬಿನ್ನಿನ ಸ್ವಂತ ಸ್ವರಗಳು ಒಂದೇ ಊರಿನವು. ಭೇಟಿಯಾಗದೇ ಇರಲ್ಲ.

ಭೇಟಿಯಾದರೆ ಏನಾಗುತ್ತದೆ? ಜೋಕಾಲಿ ನೆನೆಸಿಕೊಳ್ಳಿ. ಮಗು ಹಿಂದಕ್ಕೆ ಬಂದ ಆ ಕ್ಷಣಕ್ಕೆ ಸರಿಯಾಗಿ ಒಂದು ಸಣ್ಣ ತಳ್ಳು ಕೊಟ್ಟರೆ ಸಾಕು, ನಾಲ್ಕೈದು ಸಲಕ್ಕೆ ಜೋಕಾಲಿ ಮರದ ಕೊಂಬೆಯಷ್ಟು ಎತ್ತರ ಹೋಗುತ್ತದೆ. ತಳ್ಳುವ ಶಕ್ತಿ ಅಲ್ಲ, ಸಮಯ ಸರಿಹೊಂದುವುದು ಮುಖ್ಯ. ಇದಕ್ಕೇ ಅನುರಣನೆ ಅನ್ನುವುದು. ಪೈಪಿನಿಂದ ಬರುವ ಹೊಡೆತ ಚಿಕ್ಕದಾದರೂ ಕ್ಯಾಬಿನ್ನಿನ ಗಾಳಿ ಅದನ್ನು ಎತ್ತಿ ದೊಡ್ಡದು ಮಾಡುತ್ತದೆ.

ಹಿಂದಿನ ಸೀಟಿನಲ್ಲಿ ಮಗಳಿಗೇ ಜಾಸ್ತಿ ಕಷ್ಟ ಆಗಿದ್ದು ಯಾಕೆ ಅಂತ ಇಲ್ಲಿ ಅರ್ಥ ಆಯ್ತು. ಹೀಗೆ ಮುಚ್ಚಿದ ಜಾಗದಲ್ಲಿ ತಗ್ಗಿನ ಸ್ವರ ಮೊಳಗುವಾಗ ಒತ್ತಡ ಎರಡು ತುದಿಗಳಲ್ಲಿ ಜಾಸ್ತಿ, ನಡುವಿನಲ್ಲಿ ಕಡಿಮೆ. ಓಡಿಸುವವರ ತಲೆ ಹೆಚ್ಚು ಕಡಿಮೆ ಕ್ಯಾಬಿನ್ನಿನ ನಡುವಿನಲ್ಲಿರುತ್ತದೆ. ಹಿಂದೆ ಕೂತವರ ತಲೆ ಹಿಂದಿನ ಗಾಜಿಗೆ ತಾಗಿಕೊಂಡೇ ಇರುತ್ತದೆ. ನೀವೊಬ್ಬರೇ ಓಡಿಸಿ ನೋಡಿ ‘ಅಷ್ಟೇನಿಲ್ಲ’ ಅಂದರೆ ಸಾಲದು. ಬೇರೆಯವರಿಗೆ ಸ್ಟೇರಿಂಗ್ ಕೊಟ್ಟು ಒಮ್ಮೆ ಹಿಂದೆ ಕೂತು ನೋಡಿ.

ಕಂಪನಿ ಸೈಲೆನ್ಸರ್ ಒಳಗೆ ಏನಿತ್ತು

ಹೊರಗಿನಿಂದ ಎರಡೂ ಡಬ್ಬಿಯೇ. ಒಳಗೆ ಬೇರೆ. ಕಂಪನಿ ಸೈಲೆನ್ಸರಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಕೋಣೆಗಳಿರುತ್ತವೆ. ಹೊಗೆ ಒಂದರಿಂದ ಇನ್ನೊಂದಕ್ಕೆ ತಿರುಗಿ ತಿರುಗಿ ಹೋಗಬೇಕು. ಸದ್ದಿನ ಅಲೆಗಳು ಗೋಡೆಗೆ ಬಡಿದು ವಾಪಸ್ ಬಂದು ಒಂದನ್ನೊಂದು ಕೊಲ್ಲುತ್ತವೆ. ಕೋಣೆಗಳ ಅಳತೆಯನ್ನು ಆ ಇಂಜಿನ್, ಆ ಕ್ಯಾಬಿನ್ ನೋಡಿಯೇ ಹೊಂದಿಸಿರುತ್ತಾರೆ.

ಹೊರಗಿನದ್ದರಲ್ಲಿ ಬಹಳಷ್ಟು ನೇರ ಪೈಪಿನವು. ನಡುವೆ ತೂತು ತೂತಿನ ಒಂದು ಪೈಪು, ಅದರ ಸುತ್ತ ಗ್ಲಾಸ್ ವೂಲ್, ಹೊರಗೆ ಡಬ್ಬಿ. ಹೊಗೆ ಸಲೀಸಾಗಿ ಹೋಗುತ್ತದೆ. ಗ್ಲಾಸ್ ವೂಲ್ ಸದ್ದನ್ನು ಹೀರಿಕೊಳ್ಳುತ್ತದೆ, ನಿಜ, ಆದರೆ ಅದು ಹೀರುವುದು ಎತ್ತರದ ಸ್ವರಗಳನ್ನು, ಕರ್ಕಶವಾದದ್ದನ್ನು. ತಗ್ಗಿನ ಸ್ವರ ಅದಕ್ಕೆ ಸಿಗಲ್ಲ. ಹಾಗಾಗಿ ಹೊರಗೆ ನಿಂತವರಿಗೆ ಸದ್ದು ಮೃದುವಾಗಿ, ಗಂಭೀರವಾಗಿ ಕೇಳಿಸುತ್ತದೆ, ಒಳಗೆ ಕೂತವರಿಗೆ ಮೊರೆತ ಉಳಿಯುತ್ತದೆ. ನನಗೆ ಅಂಗಳದಲ್ಲಿ ಇಷ್ಟವಾಗಿದ್ದು, ಹುಣಸೂರು ರಸ್ತೆಯಲ್ಲಿ ಕಷ್ಟವಾಗಿದ್ದು ಒಂದೇ ಕಾರಣಕ್ಕೆ.

ಇನ್ನೊಂದು ವಿಷಯ. ಕೆಲವು ಗಾಡಿಗಳಲ್ಲಿ ಸೈಲೆನ್ಸರಿನ ಮುಂದೆ ರೆಸೊನೇಟರ್ ಅಂತ ಇನ್ನೊಂದು ಚಿಕ್ಕ ಡಬ್ಬಿ ಇರುತ್ತದೆ. ಹೊಸ ಪೈಪು ಹಾಕುವಾಗ ಅದನ್ನೂ ಕತ್ತರಿಸಿ ತೆಗೆದಿರುತ್ತಾರೆ. ಹಳೆಯ ಪೈಪನ್ನು ಗುಜರಿಗೆ ಕೊಡಬೇಡಿ, ಮನೆಗೆ ತನ್ನಿ. ನನ್ನದು ಹೋಯಿತು, ಆಮೇಲೆ ಅದು ಬೇಕಾಯಿತು.

ದುಡ್ಡು ಹಾಕುವ ಮುಂಚೆ ಸ್ವರವನ್ನು ಹಿಡಿಯಿರಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಹೆಚ್ಚಿನವರು ‘ಸದ್ದು ಜಾಸ್ತಿ’ ಅಂತ ಒಂದು ಸೈಲೆನ್ಸರ್ ತೆಗೆದು ಇನ್ನೊಂದು ಹಾಕಿಸುತ್ತಾರೆ, ಅದೂ ಆಗದಿದ್ದರೆ ಮತ್ತೊಂದು. ಯಾವ ಸ್ವರ ಅಂತ ಗೊತ್ತಿಲ್ಲದೆ ಮಾಡುವ ಖರ್ಚು ಅದು.

ಮೊದಲು ಅದು ಪೈಪಿನದ್ದೇ ಸದ್ದಾ ಅಂತ ಖಚಿತ ಮಾಡಿಕೊಳ್ಳಿ. ಮೊರೆತ ಬರುವ ಆರ್‌ಪಿಎಂ ನೋಡಿಕೊಳ್ಳಿ. ಈಗ ಬೇರೆ ಗೇರಿನಲ್ಲಿ ಅದೇ ಆರ್‌ಪಿಎಂಗೆ ತನ್ನಿ. ವೇಗ ಬೇರೆ, ಆರ್‌ಪಿಎಂ ಅದೇ. ಆಗಲೂ ಮೊರೆತ ಬಂದರೆ ಅದು ಇಂಜಿನ್ ಅಥವಾ ಪೈಪಿನ ಕಡೆಯದು. ಆರ್‌ಪಿಎಂ ಏನೇ ಇರಲಿ, ಗಂಟೆಗೆ 70 ಕಿಲೋಮೀಟರ್ ಆದಾಗಲೇ ಬರುತ್ತದೆ ಅಂದರೆ ಟಯರ್, ವೀಲ್ ಬೇರಿಂಗ್ ಅಥವಾ ಪ್ರೊಪೆಲ್ಲರ್ ಶಾಫ್ಟ್ ನೋಡಿಸಿ. ನಮ್ಮ ಕಡೆ ಮಡ್ ಟೆರೇನ್ ಟಯರ್ ಹಾಕಿದ ಗಾಡಿಗಳು ಬೇಕಾದಷ್ಟಿವೆ. ಟಾರ್ ರಸ್ತೆಯಲ್ಲಿ ಆ ಟಯರಿನ ಗುಂಯ್‌ಗುಡುವಿಕೆಗೆ ಪಾಪ ಸೈಲೆನ್ಸರ್ ಬೈಸಿಕೊಳ್ಳುವುದುಂಟು.

ಆಮೇಲೆ ಫೋನು. ಸ್ಪೆಕ್ಟ್ರಮ್ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಯಾವ ಸ್ವರ ಎಷ್ಟು ಎತ್ತರಕ್ಕಿದೆ ಅಂತ ಗೆರೆಗಳಲ್ಲಿ ತೋರಿಸುತ್ತವೆ. ಫೋನನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ, ಓಡಿಸುವವರು ನೋಡುವುದು ಬೇಡ. ನಮ್ಮದರಲ್ಲಿ 2000 ಆರ್‌ಪಿಎಂನಲ್ಲಿ 67ರ ಹತ್ತಿರ ಒಂದೇ ಒಂದು ಗೆರೆ ತೆಂಗಿನ ಮರದ ಹಾಗೆ ಎದ್ದು ನಿಂತಿತ್ತು. ಲೆಕ್ಕಕ್ಕೂ ಕಣ್ಣಿಗೂ ತಾಳೆ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಡೆಸಿಬೆಲ್ ಮೀಟರ್ ಆ್ಯಪ್‌ನಲ್ಲಿ ‘ಎ’ ತೂಕ, ‘ಸಿ’ ತೂಕ ಅಂತ ಆಯ್ಕೆ ಇರುತ್ತದೆ. ‘ಎ’ ತೂಕ ನಮ್ಮ ಕಿವಿಯ ಗುಣಕ್ಕೆ ಹೊಂದಿಸಿದ್ದು, 63 ಹರ್ಟ್ಸ್ ಹತ್ತಿರ ಅದು 26 ಡೆಸಿಬೆಲ್ ಕಳೆದು ತೋರಿಸುತ್ತದೆ. ಅಂದರೆ ನಮ್ಮನ್ನು ಕಾಡುತ್ತಿರುವ ಸ್ವರವೇ ಲೆಕ್ಕದಿಂದ ಹೆಚ್ಚು ಕಡಿಮೆ ಮಾಯ. ‘ಹೊಸ ಪೈಪು ಹಳೆಯದಕ್ಕಿಂತ ಎರಡೇ ಡೆಸಿಬೆಲ್ ಜಾಸ್ತಿ’ ಅಂತ ಯಾರಾದರೂ ತೋರಿಸಿದರೆ ಯಾವ ತೂಕದಲ್ಲಿ ಅಳೆದದ್ದು ಅಂತ ಕೇಳಿ. ‘ಸಿ’ ತೂಕ ತಗ್ಗಿನ ಸ್ವರವನ್ನು ಹಾಗೆ ಕಳೆಯಲ್ಲ, ಮೊರೆತಕ್ಕೆ ಅದೇ ಸರಿ.

ಮೊದಲು ಅಡಿಗೆ ಇಣುಕಿ

ಎಷ್ಟೋ ಸಲ ತೊಂದರೆ ಪೈಪಿನ ಒಳಗೆ ಇರುವುದೇ ಇಲ್ಲ, ಪೈಪು ನೇತಾಡುವ ರೀತಿಯಲ್ಲಿ ಇರುತ್ತದೆ. ಎಕ್ಸಾಸ್ಟ್ ಪೈಪು ಚಾಸಿಸ್‌ಗೆ ನೇರ ತಾಗಿರಲ್ಲ, ರಬ್ಬರ್ ಹ್ಯಾಂಗರ್‌ಗಳಲ್ಲಿ ತೂಗುತ್ತಿರುತ್ತದೆ. ರಬ್ಬರ್ ಗಟ್ಟಿಯಾಗಿದ್ದರೆ, ಹರಿದಿದ್ದರೆ, ಅಥವಾ ಹೊಸ ಪೈಪಿನ ಬೆಂಡ್ ಸರಿಯಾಗದೆ ಎಲ್ಲೋ ಚಾಸಿಸ್‌ನ ಅಡ್ಡಪಟ್ಟಿಗೆ (ಕ್ರಾಸ್ ಮೆಂಬರ್) ತಾಗುತ್ತಿದ್ದರೆ, ನಡುಕ ಸೀದಾ ನೆಲದ ತಗಡಿಗೆ ಹೋಗುತ್ತದೆ. ಬಾಗಿಲಿಗೆ ಬಡಿದರೆ ಮನೆಯೆಲ್ಲ ಕೇಳಿಸಿದ ಹಾಗೆ. ಪೈಪು ಪೂರ್ತಿ ತಣ್ಣಗಿರುವಾಗ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಎಲ್ಲೂ ಟಕ್ ಅನ್ನಬಾರದು. ಬಿಸಿಯಾದಾಗ ಪೈಪು ಉದ್ದವೂ ಆಗುತ್ತದೆ, ಹಾಗಾಗಿ ಸುತ್ತ ಒಂದು ಬೆರಳಿನಷ್ಟಾದರೂ ಜಾಗ ಬೇಕು.

ಜಾಯಿಂಟ್‌ಗಳಲ್ಲಿ ಕಪ್ಪು ಮಸಿ ಗೆರೆ ಕಂಡರೆ ಅಲ್ಲಿ ಲೀಕ್ ಇದೆ ಅಂತ ಅರ್ಥ. ಗ್ಯಾಸ್ಕೆಟ್ ಬದಲಿಸಿ. ಇದನ್ನು ಸದ್ದಿನ ವಿಷಯ ಅಂತ ಮಾತ್ರ ತಿಳಿಯಬೇಡಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆನೋವು, ಮಂಪರು ಬರಿಸಿ ಕೊನೆಗೆ ಜೀವಕ್ಕೇ ಅಪಾಯ. ಮೊರೆತದಿಂದ ತಲೆ ಭಾರ ಅಂದುಕೊಂಡದ್ದು ಹೊಗೆಯಿಂದಲೂ ಇರಬಹುದು. ಮಳೆಗೆ ಗಾಜೆಲ್ಲ ಏರಿಸಿಕೊಂಡು ಹೋಗುವ ನಮ್ಮ ಊರಿನಲ್ಲಿ ಇದನ್ನು ಮೊದಲೇ ನೋಡಿಸಬೇಕು.

ಪೈಪಿನ ಬಾಯಿ ಎಲ್ಲಿದೆ ಅನ್ನುವುದೂ ನೋಡಿ. ದುಡ್ಡು ಉಳಿಸಲಿಕ್ಕೆ ಕೆಲವರು ಸೈಲೆನ್ಸರ್ ಆದ ಕೂಡಲೇ, ಹಿಂದಿನ ಚಕ್ರದ ಮುಂದೆಯೇ ಪೈಪು ನಿಲ್ಲಿಸಿಬಿಡುತ್ತಾರೆ. ಆಗ ಬಾಯಿ ಹೆಚ್ಚು ಕಡಿಮೆ ಕ್ಯಾಬಿನ್ನಿನ ಅಡಿಗೇ ಬರುತ್ತದೆ. ಅದನ್ನು ಬಾಡಿ ದಾಟಿಸಿ ಹಿಂದಕ್ಕೆ ಒಯ್ದರೇ ಎಷ್ಟೋ ಕಡಿಮೆಯಾಗುತ್ತದೆ.

ಒಂದು ತುದಿ ಮುಚ್ಚಿದ ಪೈಪು

ಇಷ್ಟೆಲ್ಲ ಮಾಡಿಯೂ ಸ್ವರ ಉಳಿದರೆ, ಅದನ್ನೇ ಗುರಿ ಇಟ್ಟು ಕೊಲ್ಲುವ ದಾರಿ ಒಂದಿದೆ. ನನಗೆ ತುಂಬ ಖುಷಿ ಕೊಟ್ಟ ಭಾಗ ಇದು.

ಮುಖ್ಯ ಪೈಪಿಗೆ ಪಕ್ಕದಿಂದ ಇನ್ನೊಂದು ಪೈಪು ವೆಲ್ಡ್ ಮಾಡುತ್ತಾರೆ. ಅದರ ಇನ್ನೊಂದು ತುದಿ ಮುಚ್ಚಿರುತ್ತದೆ. ಹೊಗೆ ಅದರೊಳಗೆ ಎಲ್ಲಿಗೂ ಹೋಗಲ್ಲ. ಸದ್ದಿನ ಅಲೆ ಮಾತ್ರ ಒಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಪೈಪಿನ ಉದ್ದ ಅಲೆಯ ಉದ್ದದ ಕಾಲು ಭಾಗ ಇದ್ದರೆ, ಹೋಗಿ ಬರುವಾಗ ಅದು ಅರ್ಧ ಅಲೆಯಷ್ಟು ತಡವಾಗಿರುತ್ತದೆ. ಅಂದರೆ ಮುಖ್ಯ ಪೈಪಿನ ಅಲೆ ಮೇಲೇರುವಾಗ ಇದು ಕೆಳಗಿಳಿಯುತ್ತದೆ. ಎರಡೂ ಸೇರಿ ಶೂನ್ಯ. ಜೋಕಾಲಿ ಹಿಂದಕ್ಕೆ ಬರುತ್ತಿರುವಾಗಲೇ ಎದುರಿನಿಂದ ತಳ್ಳಿದರೆ ನಿಂತುಹೋಗುತ್ತದಲ್ಲ, ಹಾಗೆ. ಬಾಗಿಸಿ ಕೂರಿಸಿದಾಗ ಇಂಗ್ಲಿಷಿನ ‘ಜೆ’ ಅಕ್ಷರದ ಹಾಗೆ ಕಾಣುವುದರಿಂದ ಇದಕ್ಕೆ ಜೆ ಪೈಪ್ ಅನ್ನುವ ಹೆಸರಿದೆ.

ಉದ್ದದ ಲೆಕ್ಕ: ಸದ್ದಿನ ವೇಗವನ್ನು, ಸ್ವರದ ಹರ್ಟ್ಸನ್ನು 4ರಿಂದ ಗುಣಿಸಿದ ಸಂಖ್ಯೆಯಿಂದ ಭಾಗಿಸಿ. ಇಲ್ಲೇ ಜನ ಎಡವುವುದು. ಶಾಲೆಯಲ್ಲಿ ಓದಿದ್ದು ಸೆಕೆಂಡಿಗೆ 343 ಮೀಟರ್, ಅದು 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ. ಬಿಸಿಯಾದರೆ ಸದ್ದು ಇನ್ನೂ ಬೇಗ ಓಡುತ್ತದೆ. 200 ಡಿಗ್ರಿಯಲ್ಲಿ ಸುಮಾರು 436 ಮೀಟರ್. 67 ಹರ್ಟ್ಸಿಗೆ ತಣ್ಣಗಿನ ಲೆಕ್ಕ ಹಾಕಿದರೆ ಪೈಪು 1.28 ಮೀಟರ್ ಸಾಕು ಅನ್ನಿಸುತ್ತದೆ. 200 ಡಿಗ್ರಿಯ ಲೆಕ್ಕದಲ್ಲಿ ಅದು 1.63 ಮೀಟರ್. ಒಂದು ಅಡಿಗಿಂತ ಜಾಸ್ತಿ ವ್ಯತ್ಯಾಸ. ಪಕ್ಕದ ಪೈಪಿನ ಒಳಗೆ ಹೊಗೆ ಹರಿಯದ ಕಾರಣ ಅದು ಮುಖ್ಯ ಪೈಪಿನಷ್ಟು ಬಿಸಿಯಾಗಲ್ಲ, ಹಾಗಾಗಿ ಸರಿಯಾದ ಉದ್ದ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಅದಕ್ಕೇ ಒಂದೇ ಸಲಕ್ಕೆ ಕತ್ತರಿಸಿ ವೆಲ್ಡ್ ಮಾಡಿಸಬೇಡಿ. ಮೊದಲು ಉದ್ದವಾಗಿಯೇ ಬಿಟ್ಟು, ಕೊನೆಯ ತುಂಡನ್ನು ಒಂದರೊಳಗೊಂದು ಜಾರುವ ಹಾಗೆ ಮಾಡಿ ಕ್ಲಾಂಪ್ ಹಾಕಿಸಿ. ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಫೋನಿನಲ್ಲಿ ಗೆರೆ ನೋಡಿ. ಆರಿದ ಮೇಲೆ ಎರಡು ಮೂರು ಇಂಚು ಒಳಗೆ ಸರಿಸಿ, ಮತ್ತೆ ಓಡಿಸಿ. ಗೆರೆ ಅತಿ ಕೆಳಗೆ ಇಳಿದ ಕಡೆ ಗುರುತು ಹಾಕಿ, ಅಲ್ಲಿಗೇ ವೆಲ್ಡ್. ದಪ್ಪ ಮುಖ್ಯ ಪೈಪಿನಷ್ಟೇ ಇದ್ದರೆ ಒಳ್ಳೆಯದು. ಮುಚ್ಚಿದ ತುದಿ ಸ್ವಲ್ಪ ಮೇಲಕ್ಕೆ ಇರಲಿ, ನೀರು ಮುಖ್ಯ ಪೈಪಿಗೆ ವಾಪಸ್ ಇಳಿಯಬೇಕು. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಅದೂ ತೂತು.

ಇದರ ಮಿತಿ ಏನೆಂದರೆ ಇದು ಒಂದು ಸ್ವರ ಮತ್ತು ಅದರ ಆಚೀಚೆ ಸ್ವಲ್ಪಕ್ಕೆ ಮಾತ್ರ ಕೆಲಸ ಮಾಡುತ್ತದೆ. ಐದಡಿ ಪೈಪಿಗೆ ಗಾಡಿಯ ಅಡಿಯಲ್ಲಿ ಜಾಗವೂ ಬೇಕು. ಜಾಗ ಇಲ್ಲದವರಿಗೆ ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್ ಇದೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿಯ ಹೆಸರು ಅದು. ಖಾಲಿ ಜೇನಿನ ಬಾಟಲಿಯ ಬಾಯಿಗೆ ಊದಿದರೆ ‘ಹೂಂ’ ಅನ್ನುತ್ತದಲ್ಲ, ಅದೇ ತತ್ವ: ಚಿಕ್ಕ ಕುತ್ತಿಗೆ, ಹಿಂದೆ ದೊಡ್ಡ ಹೊಟ್ಟೆ. ಜಾಗ ಕಡಿಮೆ ಸಾಕು, ಆದರೆ ಲೆಕ್ಕ ಸ್ವಲ್ಪ ಕಷ್ಟ. ಇದ್ಯಾವುದೂ ಬೇಡ ಅಂದರೆ ಕೋಣೆಗಳಿರುವ ದೊಡ್ಡ ಸೈಲೆನ್ಸರಿಗೇ ವಾಪಸ್ ಹೋಗುವುದು. ಡಬ್ಬಿ ದೊಡ್ಡದಿದ್ದಷ್ಟೂ ತಗ್ಗಿನ ಸ್ವರಕ್ಕೆ ಒಳ್ಳೆಯದು.

ಮ್ಯಾಟ್ ಅಂಟಿಸಿದರೆ ಆಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ. ಎರಡು ಥರದ ಮ್ಯಾಟ್ ಇದೆ. ಫೋಮ್ ಥರದ್ದು ಈ ಸ್ವರಕ್ಕೆ ಏನೂ ಮಾಡಲ್ಲ. 67 ಹರ್ಟ್ಸಿನ ಅಲೆ ಗಾಳಿಯಲ್ಲಿ 5 ಮೀಟರಿಗಿಂತ ಉದ್ದ, ಅದನ್ನು ಹೀರಲು ಮೀಟರ್‌ಗಟ್ಟಲೆ ದಪ್ಪ ಬೇಕು, ಅರ್ಧ ಇಂಚಲ್ಲ. ಬ್ಯೂಟೈಲ್ ಶೀಟ್ ಬೇರೆ. ಅದು ಭಾರ, ಅಂಟು. ತಗಡಿಗೆ ಅಂಟಿಸಿದರೆ ತಗಡು ನಡುಗುವುದು ಕಡಿಮೆಯಾಗುತ್ತದೆ. ಬಾರಿಸುತ್ತಿರುವ ತಮಟೆಯ ಮೇಲೆ ಅಂಗೈ ಇಟ್ಟ ಹಾಗೆ. ನೆಲ, ಹಿಂದಿನ ಗೋಡೆ, ರೂಫಿಗೆ ಹಾಕಿದರೆ ಉಪಯೋಗ ಇದೆ. ಆದರೆ ಗಾಳಿಯ ಮೊರೆತವನ್ನು ಅದೊಂದೇ ನಿಲ್ಲಿಸಲ್ಲ. ಪೈಪು ಸರಿ ಮಾಡಿದ ಮೇಲೆ ಹಾಕಿಸುವುದು ಜಾಣತನ.

ಕಾನೂನು ಮತ್ತು ಕೈ ಹಾಕಬಾರದ ಜಾಗ

ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ಗಾಡಿಗೂ ಸದ್ದು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ. ಸದ್ದು, ಹೊಗೆಯ ನಿಯಮ ಮೀರಿದರೆ 2019ರ ತಿದ್ದುಪಡಿಯ ನಂತರ ಅದೇ ಕಾಯ್ದೆಯ ಸೆಕ್ಷನ್ 190(2)ರ ಅಡಿಯಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. ಲೈಸೆನ್ಸ್ ಮೂರು ತಿಂಗಳು ಅನರ್ಹ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಫಿಲ್ಟರ್, ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರ್‌ಗಳು ಪೈಪಿನ ಮುಂಭಾಗದಲ್ಲಿವೆ. ಅವನ್ನು ಮುಟ್ಟಲೇಬೇಡಿ. ಸದ್ದಿನ ಕೆಲಸ ಏನಿದ್ದರೂ ಅವುಗಳ ಹಿಂದೆ.

ನನ್ನ ಗಾಡಿಯಲ್ಲಿ ಆದದ್ದು

ಎರಡು ರಬ್ಬರ್ ಹ್ಯಾಂಗರ್ ಬದಲಿಸಿದಾಗಲೇ ನೆಲದ ನಡುಕ ಹೋಯಿತು. ಬಾಯಿಯನ್ನು ಹಿಂದಕ್ಕೆ ಒಯ್ದಾಗ ಇನ್ನಷ್ಟು ಇಳಿಯಿತು. ಜೆ ಪೈಪಿನ ಉದ್ದ ಕೊನೆಗೆ ನಿಂತದ್ದು ನಾಲ್ಕು ಅಡಿ ಹತ್ತು ಇಂಚಿಗೆ, ಮೂರು ಸಲ ಸರಿಸಿದ ಮೇಲೆ. 2000ದ ಹತ್ತಿರದ ಗೆರೆ ಈಗ ಉಳಿದ ಗೆರೆಗಳ ಜೊತೆ ಸೇರಿಹೋಗಿದೆ. 2500ರ ಆಚೆ ಸ್ವಲ್ಪ ಮೊರೆತ ಇನ್ನೂ ಇದೆ, ಓವರ್‌ಟೇಕ್ ಮಾಡುವಾಗ ಕೇಳಿಸುತ್ತದೆ, ಅದಕ್ಕೆ ಹಿಂದಿನ ಗೋಡೆಗೆ ಬ್ಯೂಟೈಲ್ ಶೀಟ್ ಹಾಕಿಸಬೇಕು ಅಂತಿದ್ದೇನೆ. ವೆಲ್ಡಿಂಗ್ ಆದ ನೂರು ಕಿಲೋಮೀಟರ್ ನಂತರ ಬೋಲ್ಟ್‌ಗಳನ್ನೆಲ್ಲ ಒಮ್ಮೆ ಬಿಗಿ ಮಾಡಿಸಿದೆವು, ಹೊಸ ಪೈಪು ಡೀಸೆಲ್ ಲೈನಿಗೂ ಬ್ರೇಕ್ ಹೋಸಿಗೂ ಹತ್ತಿರ ಇಲ್ಲ ಅಂತ ನೋಡಿಕೊಂಡೆವು. ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ತೋಟದ ದಾರಿಯಲ್ಲಿ ಒಣ ಹುಲ್ಲು, ತರಗೆಲೆ ರಾಶಿ ಇರುತ್ತದೆ. ತಗ್ಗಿನಲ್ಲಿರುವ ಬಿಸಿ ಪೈಪಿಗೆ ಅದು ತಾಗದ ಹಾಗೆ ಗಾಡಿ ನಿಲ್ಲಿಸುವುದನ್ನು ಈಗ ರೂಢಿ ಮಾಡಿಕೊಂಡಿದ್ದೇವೆ.